ಪುಸ್ತಕ ಮುಚ್ಚಿಟ್ಟು ಹೇಳಿದ ಮಾತು

ಎಲ್ಲಕ್ಕಿಂತ ಮೊದಲು ಕೇಳಿಸುತ್ತಿದ್ದುದು ಉಸಿರು. ಗುಂಡಿ ಒತ್ತಿದೊಡನೆ ಟೇಪು ಸರಿಯುವ ಸಣ್ಣ ಸದ್ದು, ಅದರ ಹಿಂದೆಯೇ ಯಾರೋ ಎದೆ ತುಂಬ ಗಾಳಿ ಎಳೆದುಕೊಳ್ಳುವುದು, ಆಮೇಲಷ್ಟೇ ಮಾತು. ಎಷ್ಟೋ ಪುಸ್ತಕ ಬರೆದು ಹೆಸರಾದವರು ಕೂಡ ತಮ್ಮದೇ ಕತೆಯ ಮೊದಲ ಸಾಲಿನ ಮುಂದೆ, ತಣ್ಣೀರಿಗೆ ಇಳಿಯುವವರ ಹಾಗೆ, ಒಂದು ಗಳಿಗೆ ತಡೆದು ನಿಲ್ಲುತ್ತಿದ್ದರು. ಕೆಲಸಕ್ಕೆ ಸೇರಿದ ಕೆಲವೇ ತಿಂಗಳಲ್ಲಿ, ಆ ಉಸಿರು ಕೇಳಿಯೇ ಇದು ಯಾರ ಕ್ಯಾಸೆಟ್ಟು ಎಂದು ಹೇಳುವಷ್ಟು ನನಗೆ ಅದರ ಪರಿಚಯವಾಗಿತ್ತು.

ಆಗ ನನಗೆ ಇಪ್ಪತ್ತಮೂರು. ಆ ಊರು ನನ್ನದಲ್ಲ. ಅಲ್ಲಿನ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತೆಂದು ಹೋಗಿದ್ದೆ. ಮಾಳಿಗೆಯ ಮೇಲೆ, ಹಳೆಯ ಪತ್ರಿಕೆಗಳ ಕಟ್ಟುಗಳನ್ನು ದಾಟಿ ಹೋದರೆ ಒಂದು ಕೋಣೆ. ಬಾಗಿಲ ಮೇಲೆ ‘ಧ್ವನಿ ವಿಭಾಗ’ ಎಂದು ಬರೆದಿದ್ದರೂ ಊರವರೆಲ್ಲ ಅದನ್ನು ಕೇಳೋ ಕೋಣೆ ಎಂದೇ ಕರೆಯುತ್ತಿದ್ದರು. ಹಿಂದಿದ್ದ ಗ್ರಂಥಪಾಲಕರೊಬ್ಬರು ಟೇಪ್ ರೆಕಾರ್ಡರ್ ಹೊತ್ತು ಲೇಖಕರ ಮನೆಮನೆಗೆ ಹೋಗಿ, ಅವರವರ ಬರಹವನ್ನು ಅವರವರ ಬಾಯಿಂದಲೇ ಓದಿಸಿ ತಂದಿದ್ದ ಇನ್ನೂರಕ್ಕೂ ಮಿಕ್ಕ ಕ್ಯಾಸೆಟ್ಟುಗಳು ಅಲ್ಲಿದ್ದವು. ಕೈಯಲ್ಲಿ ಅಚ್ಚಾದ ಪುಸ್ತಕ ಹಿಡಿದು ಒಂದೊಂದನ್ನೇ ಕೇಳುವುದು, ದನಿ ಎಲ್ಲಿ ಅಚ್ಚನ್ನು ಬಿಟ್ಟು ಆಚೀಚೆ ಹೋಗಿದೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕುವುದು ನನ್ನ ಕೆಲಸ.

ಬೇಸರದ ಕೆಲಸ ಎಂದು ಯಾರಾದರೂ ಅಂದುಕೊಂಡರೆ ತಪ್ಪು. ಒಬ್ಬ ಕವಿ ತಮ್ಮದೇ ಪದ್ಯದ ನಡುವೆ ನಿಂತು, "ಇದೊಂದು ಸಾಲು ಆಗ ಸರಿ ಹೋಗಲಿಲ್ಲ" ಎಂದು ಗೊಣಗಿಕೊಂಡು ಮುಂದುವರಿಯುತ್ತಿದ್ದರು. ಇನ್ನೊಬ್ಬ ಹಿರಿಯರು ಸಾವಿನ ಸನ್ನಿವೇಶವನ್ನು ಓದುತ್ತಿರುವಾಗ ಒಳಗಿನಿಂದ ಅವರ ಹೆಂಡತಿ, "ಅನ್ನ ಆರಾಕತ್ತೈತಿ" ಎಂದು ಕೂಗಿದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಅವರು ಸಾಯುವವನನ್ನು ಅವಸರದಿಂದ ಸಾಯಿಸಿ ಎದ್ದುಹೋಗಿದ್ದರು. ಅಂಥದ್ದನ್ನೆಲ್ಲ ನಾನು ‘ಇತರ ಸದ್ದು’ ಎಂಬ ಕಾಲಮ್ಮಿನಲ್ಲಿ ಬರೆಯುತ್ತಿದ್ದೆ.

ಎಸ್ತರಬಾಯಿಯವರ ಕ್ಯಾಸೆಟ್ಟು ನನ್ನ ಕೈಗೆ ಬಂದಾಗ ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಆ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಅವರು ಮೂವತ್ತು ವರ್ಷ ನರ್ಸ್ ಆಗಿದ್ದವರು. ಮದುವೆಯಾಗಲಿಲ್ಲ. ಎರಡು ಕಥಾಸಂಗ್ರಹ ಬರೆದರು. ಅದರಲ್ಲೊಂದು ಕತೆ, ‘ಹದಿನೇಳನೇ ತೊಟ್ಟಿಲು’, ಶಾಲೆಯ ಮಕ್ಕಳಿಗೆ ಪಾಠವಾಗಿತ್ತು. ಕತೆ ಸಣ್ಣದು. ಬಸುರಿಯಿದ್ದಾಗಲೇ ಗಂಡ ಬಿಟ್ಟುಹೋದ ಹೆಣ್ಣೊಬ್ಬಳು ಆಸ್ಪತ್ರೆಯಲ್ಲಿ ಹೆಣ್ಣುಮಗು ಹೆರುತ್ತಾಳೆ. ಐದನೆಯ ದಿನ ಬೆಳಿಗ್ಗೆ ನರ್ಸ್ ವಾರ್ಡಿಗೆ ಬಂದು ನೋಡಿದರೆ ಮಗು ತೊಟ್ಟಿಲಲ್ಲಿದೆ, ತಾಯಿ ಇಲ್ಲ; ಬಸ್ಸು ಹತ್ತಿ ಹೋಗಿಬಿಟ್ಟಿದ್ದಾಳೆ. ಅಚ್ಚಿನಲ್ಲಿ ಕತೆ ಹೀಗೆ ಮುಗಿಯುತ್ತಿತ್ತು: ‘ಹಾಸಿಗೆಯ ತಗ್ಗು ಇನ್ನೂ ಬೆಚ್ಚಗಿತ್ತು. ಅದನ್ನು ಬಿಟ್ಟುಹೋದವಳು ಹಿಂದಿರುಗಿ ನೋಡಲಿಲ್ಲ.’

ಆದರೆ ಟೇಪಿನಲ್ಲಿ ಆ ಸಾಲು ಇರಲಿಲ್ಲ. ಖಾಲಿ ಹಾಸಿಗೆಯ ತನಕ ಓದಿದ ಎಸ್ತರಬಾಯಿ ಅಲ್ಲಿ ನಿಂತುಬಿಟ್ಟಿದ್ದರು. ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟ ಸದ್ದು. ಮತ್ತೆ ಆ ಉಸಿರು, ಕತೆಯ ಆರಂಭದಲ್ಲಿ ಎಳೆದುಕೊಂಡದ್ದಕ್ಕಿಂತ ಉದ್ದವಾದದ್ದು. ಆಮೇಲೆ, "ಇನ್ನ ಪುಸ್ತಕ ಸಾಕು. ಉಳಿದದ್ದನ್ನ ಬಾಯಿಲೇ ಹೇಳ್ತೀನಿ" ಎಂದು, ಅಷ್ಟು ಹೊತ್ತಿನ ಪುಸ್ತಕದ ಭಾಷೆ ಬಿಟ್ಟು, ಮನೆಯ ಮಾತಿನಲ್ಲಿ ಬೇರೆಯೇ ಒಂದು ಕೊನೆಯನ್ನು ಹೇಳಿದ್ದರು. ಅದರಲ್ಲಿ ತಾಯಿ ಬಸ್ಸು ಹತ್ತುವುದಿಲ್ಲ. ಮಗುವನ್ನು ಎತ್ತಿಕೊಂಡು ಊರೊಳಗೆ ನಡೆದುಹೋಗುತ್ತಾಳೆ. ನಾನು ಕೆಂಪು ಶಾಯಿಯಲ್ಲಿ ಬರೆದೆ: ‘ಕೊನೆಯ ಎರಡು ಪುಟ ಓದಿಲ್ಲ. ಲೇಖಕಿ ಬೇರೆ ಮುಕ್ತಾಯ ಹೇಳಿದ್ದಾರೆ. ಹನ್ನೊಂದು ನಿಮಿಷ.’ ಬರೆದು ಮುಂದಿನ ಕ್ಯಾಸೆಟ್ಟಿಗೆ ಕೈ ಹಾಕಿದೆ.

ಸಂಕವ್ವ ಬಂದದ್ದು ಅದಾದ ಹದಿನೈದು ದಿನಕ್ಕೆ, ಒಂದು ಗುರುವಾರದ ಮಧ್ಯಾಹ್ನ. (ಹೆಸರುಗಳನ್ನು ಬದಲಿಸಿದ್ದೇನೆ.) ಐವತ್ತೈದು ದಾಟಿದ ಹೆಂಗಸು, ಗಟ್ಟಿ ಮೈಕಟ್ಟು. ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವ ಕೆಲಸ. ಗುರುವಾರ ಖಾನಾವಳಿಗೆ ರಜೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಒಳಗೆ ಬರಬೇಕೋ ಬೇಡವೋ ಎಂದು ನಿಂತಳು.

"ಯವ್ವಾ, ಇಲ್ಲಿ ಎಸ್ತರಬಾಯಾರ ದನಿ ಐತಂತ, ಹೌದೇನು?"

"ಇದೆ ಅಮ್ಮಾ. ಬನ್ನಿ, ಕೂತ್ಕೊಳ್ಳಿ. ಯಾವ ಕತೆ ಬೇಕು?"

"ಕತಿ ಹೆಸರು ನನಗ ಬರಂಗಿಲ್ಲ. ಓದಾಕೂ ಬರಂಗಿಲ್ಲ. ಮೊಮ್ಮಗಳು ಸಾಲಿ ಪುಸ್ತಕದಾಗಿಂದು ಓದಾಕತ್ತಿದ್ಲು. ಕೂಸು ಬಿಟ್ಟು ಹೋಗ್ತಾಳಲ್ಲ, ಆ ಹೆಣಮಗಳ ಕತಿ. ಅದನ್ನ ಅವರ ಬಾಯಿಲೇ ಕೇಳಬೇಕಾಗಿತ್ತು."

ಹೆಡ್‌ಫೋನ್ ಹಾಕಿಕೊಟ್ಟೆ. ಅದು ಎಲ್ಲಿ ಹಾರಿಹೋಗುತ್ತದೋ ಎನ್ನುವ ಹಾಗೆ ಎರಡೂ ಕೈಯಿಂದ ಒತ್ತಿ ಹಿಡಿದು, ತಲೆ ತಗ್ಗಿಸಿ ಕೂತಳು. ನಾನು ನನ್ನ ಕೆಲಸ ನೋಡಿಕೊಂಡೆ. ಟೇಪು ಮುಗಿದು ಗುಂಡಿ ತಾನಾಗಿ ಟಕ್ ಎಂದು ಮೇಲೆದ್ದರೂ ಅವಳು ಕೈ ತೆಗೆಯಲಿಲ್ಲ. ಸದ್ದೇ ಇಲ್ಲದ ಹೆಡ್‌ಫೋನನ್ನು ಕಿವಿಗೊತ್ತಿಕೊಂಡು ಎಷ್ಟೋ ಹೊತ್ತು ಹಾಗೇ ಇದ್ದಳು. ಹತ್ತಿರ ಹೋಗಿ ಭುಜ ಮುಟ್ಟಿದೆ.

"ಮತ್ತೊಮ್ಮೆ ಹಚ್ಚವ್ವಾ," ಎಂದಳು. "ಮೊದಲಿಂದ ಬ್ಯಾಡ. ಪುಸ್ತಕ ಮುಚ್ಚಿದ ಮ್ಯಾಲಿಂದು."

ಅಲ್ಲಿಂದ ಪ್ರತಿ ಗುರುವಾರ ಬಂದಳು. ಪ್ರತಿ ಸಲವೂ ಅದೇ ಹನ್ನೊಂದು ನಿಮಿಷ. ಒಂದು ಬಟ್ಟೆಯಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು ನನ್ನ ಮೇಜಿನ ಮೇಲಿಡುತ್ತಿದ್ದಳು. "ಊರು ಬಿಟ್ಟು ಬಂದೀಯಂತ. ಉಣ್ಣು," ಎನ್ನುತ್ತಿದ್ದಳು. ಏಕೆ ಬರುತ್ತಾಳೆಂದು ನಾನು ಕೇಳಲಿಲ್ಲ. ಎಸ್ತರಬಾಯಿ ಹೆರಿಗೆ ಮಾಡಿಸಿದ ಸಾವಿರಾರು ಹೆಂಗಸರಲ್ಲಿ ಒಬ್ಬಳಿರಬೇಕು, ಋಣ ನೆನೆದು ಬರುತ್ತಾಳೆ ಎಂದುಕೊಂಡೆ.

ಆ ನಡುವೆ ಪಠ್ಯಪುಸ್ತಕದ ಕಚೇರಿಯಿಂದ ಪತ್ರ ಬಂತು. ಪಾಠವಾಗಿರುವ ಕತೆಗಳ ಧ್ವನಿಮುದ್ರಣಗಳನ್ನು ಪ್ರತಿ ಮಾಡಿಸಿ ಶಾಲೆಗಳಿಗೆ ಹಂಚುವುದೆಂದೂ, ಧ್ವನಿಯು ಅಚ್ಚಿನ ಪಾಠಕ್ಕೆ ಸರಿಹೊಂದದ ಕಡೆ ಅಷ್ಟು ಭಾಗವನ್ನು ಅಳಿಸಿ, ಅದೇ ಟೇಪಿನ ಮೇಲೆ ಬೇರೆಯವರಿಂದ ಸರಿಯಾಗಿ ಓದಿಸಬೇಕೆಂದೂ ಅದರಲ್ಲಿತ್ತು. ಗ್ರಂಥಪಾಲಕರಾಗಿದ್ದ ಮಠಪತಿ ಸರ್ ನನ್ನ ನೋಟ್‌ಬುಕ್ಕು ತರಿಸಿಕೊಂಡು ನೋಡಿದರು. ನಿವೃತ್ತಿಗೆ ಹತ್ತಿರವಿದ್ದ ಅವರು ಪತ್ರವೆಂದರೆ ಅದಕ್ಕೆ ಉತ್ತರ ಹೋಗಲೇಬೇಕು, ಅದೂ ಅದೇ ವಾರ ಹೋಗಬೇಕು ಎನ್ನುವವರು.

"ಪಾಠ ಆಗಿರೋ ಕತಿಗಳಾಗ ಇದೊಂದ ಪುಸ್ತಕ ಬಿಟ್ಟು ಹೋಗೇತಿ. ಹನ್ನೊಂದು ನಿಮಿಷ," ಎಂದರು. "ನಿಮ್ಮ ದನಿ ಛಲೋ ಐತಿ. ಉಚ್ಚಾರಾನೂ ಶುದ್ಧ. ಆ ಎರಡು ಪುಟ ನೀವ ಓದಿ ಮುಗಿಸಿಬಿಡ್ರಿ."

ನನಗಾದ ಖುಷಿಯನ್ನು ಮುಚ್ಚಿಡುವುದಿಲ್ಲ. ನೂರಾರು ಶಾಲೆಗಳಲ್ಲಿ ನನ್ನ ದನಿ! ಬಾಡಿಗೆ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತು ಆ ಎರಡು ಪುಟಗಳನ್ನು ಓದಿ ಓದಿ ಬಾಯಿಪಾಠ ಮಾಡಿದೆ. ‘ಹಿಂದಿರುಗಿ ನೋಡಲಿಲ್ಲ’ ಎಂಬಲ್ಲಿ ದನಿ ಎಷ್ಟು ತಗ್ಗಬೇಕು, ಎಲ್ಲಿ ನಿಲ್ಲಬೇಕು ಎಂದು ಹತ್ತು ರೀತಿ ಅಂದು ನೋಡಿದೆ. ಮನೆಗೂ ಕಾಗದ ಬರೆದೆ.

ಆ ಗುರುವಾರ ಸಂಕವ್ವ ಬಂದಾಗ ಆ ಖುಷಿಯಲ್ಲೇ ಹೇಳಿದೆ: "ಅಮ್ಮಾ, ಮುಂದಿನ ವಾರದಿಂದ ಈ ಭಾಗ ಇರೋದಿಲ್ಲ. ಕ್ಯಾಸೆಟ್ಟನ್ನು ಸರಿ ಮಾಡ್ತಿದ್ದೇವೆ."

"ಏನು ಕೆಟ್ಟೈತಿ ಅದಕ್ಕ?"

"ಕೆಟ್ಟಿಲ್ಲ. ಪುಸ್ತಕದಲ್ಲಿ ಇರೋದು ಬೇರೆ, ಇವರು ಹೇಳಿರೋದು ಬೇರೆ. ಪುಸ್ತಕದಲ್ಲಿ ಇದ್ದ ಹಾಗೆ ನಾನು ಓದ್ತೇನೆ."

"ಅವರ ಮಾತು ಅಳಿಸ್ತೀರೇನು?"

"ಅದರ ಮೇಲೇ ಓದಬೇಕಾಗ್ತದೆ. ಪುಸ್ತಕದಲ್ಲಿ ಆ ತಾಯಿ ಹೋಗಿಬಿಡ್ತಾಳೆ ಅಮ್ಮಾ. ಹಿಂದಿರುಗಿ ನೋಡೋದಿಲ್ಲ."

ಸಂಕವ್ವ ನನ್ನನ್ನೇ ನೋಡಿದಳು. ಸಿಟ್ಟಲ್ಲ ಅದು. ಬಿಸಿ ಹಂಚು ಕೈಗೆ ತಾಗಿದವರು ಕೂಗುವುದಕ್ಕೆ ಮೊದಲು ಒಂದು ಗಳಿಗೆ ಸುಮ್ಮನಿರುತ್ತಾರಲ್ಲ, ಹಾಗೆ.

"ನಾ ಹೊಳ್ಳಿ ನೋಡಿದ್ದೆ," ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳು ಎದ್ದುಹೋಗಿ ಬಾಗಿಲು ಮುಂದಕ್ಕೆಳೆದು ಬಂದು ಕೂತಳು.

"ಪಡಸಾಲಿ ಮಟ ಬಂದು ಹೊಳ್ಳಿ ನೋಡಿದೆ. ಗೇಟಿನ ತನಕ ಬಂದು ಮತ್ತ ನೋಡಿದೆ. ಪುಸ್ತಕದಾಗ ಇಲ್ಲ ಅಂತ ಬರದಾರಲ್ಲ, ಮೊಮ್ಮಗಳು ಅದನ್ನ ಓದಿದಾಗ ಹಿಟ್ಟಿನಾಗ ಇಟ್ಟ ಕೈ ಹಂಗ ನಿಂತಿತು ನನ್ನದು. ಬಾಯಾರು ನನ್ನ ಹಿಂಗ ತಿಳಕೊಂಡು ಸತ್ತರಲ್ಲ ಅಂತ."

ಆಮೇಲೆ ಎಲ್ಲ ಹೇಳಿದಳು. ಕತೆ ಕೇಳಿಸುವವರ ಹಾಗಲ್ಲ; ಯಾರೋ ಕೇಳಿದ ಪ್ರಶ್ನೆಗೆ ತಡವಾಗಿ ಉತ್ತರ ಕೊಡುವವರ ಹಾಗೆ, ನಡುನಡುವೆ ತಡೆದು.

ಕತೆಯಲ್ಲಿ ಬಸುರಿಯನ್ನು ಬಿಟ್ಟುಹೋದ ಗಂಡ ಅವಳದೇ ಗಂಡ. ಹೆರಿಗೆಯಾದ ಮೂರನೆಯ ದಿನ ಅವಳ ಅಣ್ಣ ಆಸ್ಪತ್ರೆಗೆ ಬಂದಿದ್ದ. ನೀನೊಬ್ಬಳು ಬರುವುದಾದರೆ ಮನೆಯಲ್ಲಿ ಜಾಗವಿದೆ, ಕೂಸಿಗಿಲ್ಲ ಎಂದು ಹೇಳಿ, ಊರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನೂ ತಿಳಿಸಿ ಹೋಗಿದ್ದ. ಐದನೆಯ ದಿನ ಬೆಳಿಗ್ಗೆ ಅವಳು ಕೂಸಿಗೆ ಹಾಲುಣಿಸಿ, ತೊಟ್ಟಿಲಲ್ಲಿ ಮಲಗಿಸಿ, ಬಸ್ ಸ್ಟ್ಯಾಂಡಿಗೆ ಬಂದು ಸೆರಗನ್ನು ಕಣ್ಣಿನ ತನಕ ಎಳೆದುಕೊಂಡು ಕೂತಿದ್ದಳು.

"ಅಷ್ಟರಾಗ ಎಸ್ತರಬಾಯಾರು ಬಂದ್ರು. ಕೈಯಾಗ ನನ್ನ ಕೂಸು. ಬೈತಾರ, ಮಂದಿ ಕೂಡಸ್ತಾರ ಅಂದುಕೊಂಡೆ. ಅವರು ನನ್ನ ಮುಂದ ಬಂದು, 'ಯವ್ವಾ, ಒಂದೀಟು ಈ ಕೂಸು ಹಿಡಕೋ. ಇದರ ತಾಯಿ ಇಲ್ಲೇ ಎಲ್ಲೋ ಅದಾಳ. ಹುಡುಕ್ಕೊಂಡು ಬರ್ತೀನಿ' ಅಂದು, ನನ್ನ ಉಡಿಯಾಗ ಹಾಕಿ ಹೋಗಿಬಿಟ್ರು."

"ನಿಮ್ಮ ಗುರುತು ಸಿಗಲಿಲ್ಲವಾ ಅವರಿಗೆ?"

"ಇಲ್ಲ ಅಂತನ ತಿಳಿದಿದ್ದೆ. ಸೆರಗಿತ್ತಲ್ಲ. ಯಾರೋ ದಾರಿಹೋಕಳು ಅಂತ ನನ್ನ ಕೈಯಾಗ ಕೊಟ್ಟಾರ, ಈಗ ಬರ್ತಾರ, ಈಗ ಬರ್ತಾರ ಅಂತ ಕುಂತೆ. ಬಸ್ಸು ಬಂತು. ಕೂಸನ್ನ ಯಾರಿಗೆ ಕೊಟ್ಟು ಹತ್ತಲಿ? ಹೋತು ಆ ಬಸ್ಸು. ಇನ್ನೊಂದು ಬಂತು, ಅದೂ ಹೋತು. ಅಷ್ಟೊತ್ತಿಗೆ ಕೂಸು ಎದಿ ಹುಡುಕಾಕ ಹತ್ತಿತ್ತು. ಕುಡಿಸಿದೆ. ಕುಡಿಸೋವಾಗ ಮಾರಿ ನೋಡಿದೆ. ಐದು ದಿನದಾಗ ಒಮ್ಮೆನೂ ಸರಿಯಾಗಿ ನೋಡಿದ್ದಿಲ್ಲ ನಾ, ಬೇಕಂತನ. ಮೂರನೇ ಬಸ್ಸು ಹೋದ ಮ್ಯಾಲ ಎದ್ದೆ. ಹುಡುಕಾಕ ಹೋದಾಕಿ ಬರಲಿಲ್ಲ. ಇದರ ತಾಯಿ ಸಿಕ್ಕಾಳ ಅಂತ ಯಾರಿಗೆ ಹೇಳೂದು? ಹೊತಗೊಂಡು ಊರೊಳಗ ನಡದೆ. ಸಂಜಿಕ ಆ ಖಾನಾವಳಿ ಬಾಗಿಲಿಗೆ ಹೋಗಿ ಕೆಲಸ ಕೇಳಿದೆ. ಇವತ್ತಿಗೂ ಅಲ್ಲೇ ಅದೀನಿ."

ಅದಾದ ಮೇಲೆ ಎಷ್ಟೋ ಸಲ ಪೇಟೆಯಲ್ಲಿ ಎಸ್ತರಬಾಯಿ ಎದುರಾಗಿದ್ದರಂತೆ. ಕೂಸಿನ ಗಲ್ಲ ಹಿಡಿದು, "ಎಷ್ಟು ದೊಡ್ಡಾಕಿ ಆದಿ!" ಎಂದು ಮಾತಾಡಿಸಿ ಹೋಗುತ್ತಿದ್ದರಂತೆ, ಅಷ್ಟೇ. ಆ ದಿನದ ಬಗ್ಗೆ ಇಬ್ಬರೂ ಬಾಯಿ ಬಿಡಲಿಲ್ಲ. ಅವರಿಗೆ ಗೊತ್ತೇ ಇಲ್ಲ ಎಂದು ಸಂಕವ್ವ ಮೂವತ್ತೈದು ವರ್ಷ ನಂಬಿಕೊಂಡಿದ್ದಳು.

"ಈಗ ಹಚ್ಚು," ಎಂದಳು. "ನೀನೂ ಕೇಳು."

ಹೆಡ್‌ಫೋನ್ ತೆಗೆದು ದನಿಯನ್ನು ಕೋಣೆಗೇ ಬಿಟ್ಟೆ. ಒಮ್ಮೆ ಕೇಳಿ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಮರೆತಿದ್ದ ಮಾತು. ಪುಸ್ತಕ ಮುಚ್ಚಿದ ಸದ್ದು, ಆ ದೀರ್ಘವಾದ ಉಸಿರು. ಬಸ್ ಸ್ಟ್ಯಾಂಡು, ಸೆರಗು, ಮೂರು ಬಸ್ಸು, ಎಲ್ಲ ಸಂಕವ್ವ ಹೇಳಿದಂತೆಯೇ. ಆಮೇಲೆ ಎಸ್ತರಬಾಯಿ ಹೇಳುತ್ತಾರೆ:

"ನಾ ಯಾರನ್ನೂ ಹುಡುಕಾಕ ಹೋಗಿರಲಿಲ್ಲ. ಅಕಿನ್ನ ದೂರದಿಂದನ ಗುರುತು ಹಿಡಿದಿದ್ದೆ. ಕಡ್ಲಿ ಮಾರೋ ಅಂಗಡಿ ಹಿಂದ ನಿಂತು ನೋಡಾಕತ್ತಿದ್ದೆ. ಅಕಿ ಕೂಸು ಅಲ್ಲಿಟ್ಟು ಬಸ್ಸು ಹತ್ತಿದ್ದರ ನಾ ಹೋಗಿ ಎತಗೋತಿದ್ದೆ, ಅಕಿಗೆ ಒಂದು ಮಾತೂ ಅಂತಿರಲಿಲ್ಲ. ಮೂರನೇ ಬಸ್ಸು ಹೋದ ಮ್ಯಾಲ ಎದ್ದು ನಡದಳು. ನಾ ಅವತ್ತು ಡ್ಯೂಟಿ ತಪ್ಪಿಸಿದ್ದೆ. ಹದಿನೇಳನೇ ತೊಟ್ಟಿಲ ಕೂಸೆಲ್ಲಿ ಅಂತ ಡಾಕ್ಟರ್ ಬಾಯಾರು ಕೇಳಿದ್ರು. ಅದರ ತಾಯಿ ತಗೊಂಡು ಹೋದ್ಲು ಅಂದೆ. ಸುಳ್ಳಲ್ಲ ಅದು." ಇಲ್ಲಿ ಅವರು ಸಣ್ಣಗೆ ನಗುತ್ತಾರೆ. "ಬರಿಯೋವಾಗ ಅಂಜಿಕಿ ಬಂತು. ಯಾರಾದರೂ ಓದಿ ಹೇಳಿ, ಬಾಯಾರು ನನ್ನ ನೋಡಿದ್ರು ಅಂತ ಅಕಿ ನಾಚಿಗಿ ಪಟ್ಟಾಳು ಅಂತ ಕೊನಿ ಬದಲಿ ಮಾಡಿಬಿಟ್ಟೆ. ತಪ್ಪು ಮಾಡಿದೆ ಅನ್ನಸ್ತದ ಈಗ. ಎಂದಾದರೂ ಅಕಿ ಇದನ್ನ ಕೇಳಿದ್ರ, ನಾಚಿಗಿ ಪಡಬಾರದು. ಅವತ್ತು ಇಡೀ ದಿನ ನಾ ಅಕಿ ಸಂಗಾಟನ ಇದ್ದೆ."

ಟಕ್ ಎಂದು ಗುಂಡಿ ಎದ್ದಿತು. ಸಂಕವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಆ ದಿನ ಲೋಕದಾಗ ನನಗ ಯಾರೂ ಇಲ್ಲ ಅಂದುಕೊಂಡಿದ್ದೆ ನೋಡು," ಎಂದಳು. ಏಳುವಾಗ ನನ್ನ ಕೈ ಹಿಡಿದಳು. "ನಮ್ಮ ಕಸ್ತೂರಿಗೆ ಇದು ಗೊತ್ತಿಲ್ಲ. ಯಾರ ಮುಂದನೂ ಅನ್ನಬ್ಯಾಡ."

ಮರುದಿನ ಮಠಪತಿ ಸರ್ ಮುಂದೆ ಹೋಗಿ ನಿಂತೆ. "ಸರ್, ಆ ಹನ್ನೊಂದು ನಿಮಿಷ ಅಳಿಸಬಾರದು."

"ಯಾಕ?"

"ಹೇಳೋ ಹಾಗಿಲ್ಲ, ಸರ್."

"ಹೇಳೋ ಹಂಗಿಲ್ಲ ಅಂತ ಫೈಲಿನಾಗ ಬರೀಲೇನು?"

"ನೀವು ಒಮ್ಮೆ ಕೇಳಿ. ಆಮೇಲೆ ಏನು ಹೇಳಿದರೂ ಮಾಡ್ತೇನೆ."

ಹದಿನೈದು ವರ್ಷದಿಂದ ಆ ಕಟ್ಟಡದಲ್ಲಿದ್ದ ಮನುಷ್ಯ ಕೇಳೋ ಕೋಣೆಯಲ್ಲಿ ಒಂದು ದಿನವೂ ಕೂತವರಲ್ಲ. ಅಂದು ಬಂದು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ ಕೇಳಿದರು. "ನಮ್ಮ ಎರಡೂ ಹುಡುಗರ ಹೆರಿಗಿ ಇವರ ಕೈಯಾಗ ಆಗಿದ್ದು," ಎಂದರು ಮುಗಿದ ಮೇಲೆ. ಕ್ಯಾಸೆಟ್ಟನ್ನು ಹೊರತೆಗೆದು, ಅದರ ಬೆನ್ನಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಪೆನ್ನಿನ ತುದಿಯಿಂದ ಒಂದೊಂದಾಗಿ ಮುರಿದರು. ಅವು ಮುರಿದರೆ ಆ ಟೇಪಿನ ಮೇಲೆ ಮತ್ತೆ ಏನನ್ನೂ ರೆಕಾರ್ಡು ಮಾಡಲು ಬರುವುದಿಲ್ಲ.

ಅಂದೇ ಉತ್ತರ ಹೋಯಿತು: ‘ಸದರಿ ಕ್ಯಾಸೆಟ್ಟಿನ ಮೇಲೆ ಪುನಃ ಧ್ವನಿಮುದ್ರಣವು ತಾಂತ್ರಿಕವಾಗಿ ಸಾಧ್ಯವಿರುವುದಿಲ್ಲ. ಅಚ್ಚಿನ ಪಾಠವನ್ನು ಪ್ರತ್ಯೇಕ ಕ್ಯಾಸೆಟ್ಟಿನಲ್ಲಿ ಓದಿಸಿ ಕಳುಹಿಸಲಾಗುವುದು.’

ಹೊಸ ಕ್ಯಾಸೆಟ್ಟಿನಲ್ಲಿ ಇಡೀ ಕತೆಯನ್ನು ನಾನೇ ಓದಿದೆ. ಓದುವ ಮೊದಲು ನಾನೂ ಎದೆ ತುಂಬ ಉಸಿರೆಳೆದುಕೊಂಡೆನೆಂದು ಆಮೇಲೆ ಕೇಳಿದಾಗ ತಿಳಿಯಿತು. ಕನ್ನಡಿಯ ಮುಂದೆ ಹತ್ತು ರೀತಿ ಅಂದು ನೋಡಿದ್ದ ಕೊನೆಯ ಸಾಲಿಗೆ ಬಂದು ಮೂರು ಸಲ ನಿಂತೆ. ನಾಲ್ಕನೆಯ ಸಲ, ಯಾವ ಏರಿಳಿತವೂ ಇಲ್ಲದೆ, ಅಂಗಡಿಯ ಬೋರ್ಡು ಓದಿದ ಹಾಗೆ ಓದಿ ಮುಗಿಸಿದೆ. ಅದು ಶಾಲೆಗಳಿಗೆ ಹೋಯಿತು. ಚೆನ್ನಾಗಿದೆ ಎಂದು ಯಾರೂ ಹೇಳಲಿಲ್ಲ. ಹೇಳಲಿ ಎಂದು ನನಗೂ ಅನ್ನಿಸಲಿಲ್ಲ.

ಸಂಕವ್ವ ಆಮೇಲೂ ಬರುತ್ತಿದ್ದಳು. ಪರೀಕ್ಷೆಯ ದಿನಗಳು ಹತ್ತಿರವಾದ ಒಂದು ಗುರುವಾರ ಒಬ್ಬಳೇ ಬರಲಿಲ್ಲ. ಜೊತೆಯಲ್ಲಿದ್ದವಳು ಎತ್ತರದ, ಚುರುಕು ಮಾತಿನ ಹೆಂಗಸು.

"ಈಕಿ ಕಸ್ತೂರಿ. ನನ್ನ ಮಗಳು," ಎಂದಳು ಸಂಕವ್ವ. ನನ್ನ ಮುಖ ನೋಡಲಿಲ್ಲ.

"ನೋಡ್ರಿ ಬಾಯಾರ," ಎಂದು ಕಸ್ತೂರಿಯೇ ಶುರುಮಾಡಿದಳು, "ನನ್ನ ಮಗಳು ಪರೀಕ್ಷಾಕ ಆ ಪಾಠ ಬಾಯಿಪಾಠ ಹಾಕಾಕತ್ತಿದ್ಲು. ಎಂಥಾ ಕಟುಕಿ ಇರಬೇಕಲ್ಲ ಆ ತಾಯಿ ಅಂತ ನಾ ಅಂದೆ. ಅಷ್ಟಕ್ಕ ನಮ್ಮವ್ವ ಎರಡು ದಿನ ನನ್ನ ಕೂಡ ಮಾತು ಬಿಟ್ಟಾಳ. ಇವತ್ತು ನೋಡಿದ್ರ, ಖರೇ ಕತಿ ಬ್ಯಾರೆ ಐತಿ, ನಡಿ ಕೇಳಸ್ತೀನಿ ಅಂತ ಎಳಕೊಂಡು ಬಂದಾಳ."

ಸಂಕವ್ವನ ಕಡೆ ನೋಡಿದೆ. ಅವಳು ತಲೆಯಾಡಿಸಿದಳು. ಇಬ್ಬರಿಗೂ ಕೇಳುವ ಹಾಗೆ ಹಚ್ಚಿದೆ.

ಖಾಲಿ ಹಾಸಿಗೆಯ ತನಕ ಕಸ್ತೂರಿ ಗದ್ದಕ್ಕೆ ಕೈ ಕೊಟ್ಟು ಕೇಳಿದಳು. ಎಸ್ತರಬಾಯಿ ಪುಸ್ತಕ ಮುಚ್ಚಿ ಮಾತಿಗೆ ತೊಡಗಿದ ಮೇಲೆ, ‘ಇದರ ತಾಯಿ ಇಲ್ಲೇ ಎಲ್ಲೋ ಅದಾಳ’ ಎಂದಾಗ ನಕ್ಕಳು. ಕಡ್ಲಿ ಅಂಗಡಿಯ ಮಾತು ಬಂದಾಗ ನಗು ನಿಂತಿತು. ಅವಳ ಕಣ್ಣು ಟೇಪಿನ ಮೇಲಿಂದ ಮೆಲ್ಲಗೆ ಸರಿದು ತಾಯಿಯ ಕೈಗಳ ಮೇಲೆ ಬಂದು ನಿಂತಿತು. ಆ ಕೈಗಳು ಮಡಿಲಿನಲ್ಲಿ, ಕೂಸನ್ನು ಹಿಡಿದ ಹಾಗೆ, ಒಂದನ್ನೊಂದು ಹಿಡಿದುಕೊಂಡಿದ್ದವು.

ಟೇಪು ಮುಗಿಯಿತು. ನಾನು ಎದ್ದು ಕಪಾಟಿನ ಕಡೆ ಹೋಗಿ, ಬೇಡದಿದ್ದರೂ ಕ್ಯಾಸೆಟ್ಟುಗಳನ್ನು ಅತ್ತಿತ್ತ ಜೋಡಿಸತೊಡಗಿದೆ. ಬೆನ್ನ ಹಿಂದೆ ಕಸ್ತೂರಿಯ ದನಿ, ಮೆತ್ತಗೆ:

"ಅಷ್ಟೊತ್ತು ಕುಂತಾಗ ಆ ಕೂಸು ಅಳಲಿಲ್ಲೇನಬೇ?"

ಅದಕ್ಕೆ ಉತ್ತರ ಟೇಪಿನಲ್ಲೂ ಇರಲಿಲ್ಲ, ಪುಸ್ತಕದಲ್ಲೂ ಇರಲಿಲ್ಲ.

"ಇಲ್ಲವ್ವಾ," ಎಂದಳು ಸಂಕವ್ವ. "ಎರಡನೇ ಬಸ್ಸು ಹಾರ್ನ್ ಹೊಡದಾಗ ಒಮ್ಮೆ ಕಣ್ಣು ತಗದು ನನ್ನ ನೋಡಿತು. ಮತ್ತ ಮಲಗಿತು."

ಅವರು ಮೆಟ್ಟಿಲಿಳಿದು ಹೋದ ಮೇಲೆ ಕಿಟಕಿಯ ಹತ್ತಿರ ಬಂದು ನಿಂತೆ. ಕೆಳಗೆ ರಸ್ತೆಯಲ್ಲಿ ಬಿಸಿಲು ಇನ್ನೂ ಇಳಿದಿರಲಿಲ್ಲ. ಸಂಕವ್ವ ಎಂದಿನಂತೆ ದಡಬಡ ಹೆಜ್ಜೆ ಹಾಕುತ್ತ ಮುಂದೆ ಹೋಗುತ್ತಿದ್ದಳು. ಕಸ್ತೂರಿ ಓಡಿಹೋಗಿ ಅವಳನ್ನು ಕೂಡಿಕೊಂಡಳು. ತಲೆಯ ಮೇಲೆ ಬಿಸಿಲು ಬೀಳದ ಹಾಗೆ ತನ್ನ ಸೆರಗಿನ ತುದಿಯನ್ನು ತಾಯಿಯ ತಲೆಯ ಮೇಲೂ ಎಳೆದು ಹಿಡಿದಳು. ಆ ಒಂದು ತುಂಡು ನೆರಳಿನಲ್ಲಿ ಇಬ್ಬರೂ ಮೈಗೆ ಮೈ ತಾಗಿಸಿಕೊಂಡು, ಯಾವ ಅವಸರವೂ ಇಲ್ಲದೆ, ಪೇಟೆಯ ಕಡೆಗೆ ತಿರುಗಿದರು.